ಫೇಸ್ ಟೂನಲ್ಲಿ ಬನ್ನಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು ಎಂಬ ಸುದ್ದಿ ಹಬ್ಬಿತ್ತು. ಕನ್ನಡ ಬಲ್ಲ ದೆವ್ವ, ಪಾಪ, ಓದಿಕೊಂಡು ವಾಪಸು ಹೋಗುತ್ತಿತ್ತು. ಮರುದಿನ ಬಂದರೆ ಮತ್ತೆ ಅದೇ ಬರಹ. ಖರ್ಚಿಲ್ಲದ, ಜಗಳವಿಲ್ಲದ ಈ ವಿದ್ಯೆ ಊರಿನಿಂದ ಮಾಯವಾಯಿತು ಎಂದುಕೊಂಡಿದ್ದೆವು. ಇಲ್ಲ, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳೊಳಗೆ ಅದು ಕ್ಷೇಮವಾಗಿದೆ. ಅಲ್ಲಿ ಅದನ್ನು ‘ಫೇಸ್ ಟೂ’ ಎನ್ನುತ್ತಾರೆ.

ಹೊಸ ಆ್ಯಪು ಕಟ್ಟುವಾಗ, ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು ಬಳಸುವ ಹಾಗೂ ಮಾಡಬೇಕಲ್ಲವೇ ಎಂದು ಯಾರಾದರೂ ಕೇಳಿ ನೋಡಿ. ಬೇಡ ಎನ್ನುವ ಕಟುಕರು ಆ ಮೀಟಿಂಗಿನಲ್ಲಿ ಒಬ್ಬರೂ ಇರುವುದಿಲ್ಲ. ಎಲ್ಲರ ಮುಖ ಮೆತ್ತಗಾಗುತ್ತದೆ. ‘ಡೆಫಿನೆಟ್ಲಿ. ಫೇಸ್ ಟೂನಲ್ಲಿ ತಗೊಳ್ಳೋಣ’ ಎನ್ನುತ್ತಾರೆ. ಫೇಸ್ ಒನ್ ಮುಗಿಯುವಷ್ಟರಲ್ಲಿ ಹೊಸ ಹೂಡಿಕೆ ಬಂದಿರುತ್ತದೆ, ಹೊಸ ಲೋಗೊ ಬಂದಿರುತ್ತದೆ, ಇಡೀ ಆ್ಯಪನ್ನು ಬುಡದಿಂದ ಮತ್ತೆ ಬರೆಯುವ ತೀರ್ಮಾನವೂ ಆಗಿರುತ್ತದೆ. ಹೊಸ ಆ್ಯಪಿಗೂ ಒಂದು ಫೇಸ್ ಒನ್ ಇರಬೇಕಲ್ಲ!

ಈ ಬಾಗಿಲ ಹೊರಗೆ ನಿಂತವರಲ್ಲಿ ನನಗೆ ಚೆನ್ನಾಗಿ ಗೊತ್ತಿರುವವರು ಹುಬ್ಬಳ್ಳಿಯ ಒಬ್ಬ ಸಂಗೀತದ ಮಾಸ್ತರರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಕಲಿತವರು, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಅವರ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಸದಾ ಮಾತಾಡುತ್ತಿರುತ್ತದೆ, ಅದೂ ನನ್ನ ಕಿವಿಗೆ ಒಂದಕ್ಷರ ಹತ್ತದ ವೇಗದಲ್ಲಿ. ಬೆರಳನ್ನು ಬಲಕ್ಕೆ ಸರಿಸಿದರೆ ಪರದೆಯ ಮೇಲಿನ ಮುಂದಿನ ವಸ್ತುವಿನ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಹೆಸರು ಇಟ್ಟಿದ್ದರೆ ತಾನೇ ಹೇಳುವುದು? ಅವರು ಹಣ ಕಳಿಸುವ ಆ್ಯಪಿನಲ್ಲಿ ಅದು ಹೇಳುವುದು ಇಷ್ಟು: ‘ಲೇಬಲ್ ಇಲ್ಲ, ಬಟನ್. ಲೇಬಲ್ ಇಲ್ಲ, ಬಟನ್. ಲೇಬಲ್ ಇಲ್ಲ, ಬಟನ್.’

‘ಹಂಗಿದ್ರ ಹೆಂಗ ಬಳಸ್ತೀರಿ ಮಾಸ್ತರ?’ ಎಂದೆ.

‘ಎಣಸ್ತೀನಿ ರೀ. ಬಲಕ್ಕ ನಾಕು ಸಲ ಸರಿಸಿದ್ರ ರೊಕ್ಕ ಕಳಸೂದು. ಐದನೇದು ಸಾಲದ ಜಾಹೀರಾತು, ಅದರ ಸನೇಕ ಹೋಗಬಾರದು.’

ಹೀಗೆ ಎಣಿಸಿ ಎಣಿಸಿ ಆ್ಯಪನ್ನು ಬಾಯಿಪಾಠ ಮಾಡಿಕೊಂಡಿದ್ದರು. ಒಂದು ರಾತ್ರಿ ಆ್ಯಪು ತಾನಾಗಿ ಅಪ್‌ಡೇಟ್ ಆಯಿತು. ಏನು ಬದಲಾಯಿತು ಎಂಬುದಕ್ಕೆ ಕಂಪನಿ ಕೊಟ್ಟ ವಿವರಣೆ, ‘ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ, ನಿಮ್ಮ ಅನುಭವ ಸುಧಾರಿಸಲಾಗಿದೆ.’ ಬೆಳಿಗ್ಗೆ ಮಾಸ್ತರರು ಹಾಲಿನವನಿಗೆ ಹಣ ಕಳಿಸಲು ನಾಲ್ಕನೆಯದನ್ನು ತಟ್ಟಿದರೆ, ಎರಡು ಲಕ್ಷ ರೂಪಾಯಿ ಸಾಲಕ್ಕೆ ಆಸಕ್ತಿ ತೋರಿಸಿದ್ದಕ್ಕೆ ಅಭಿನಂದನೆ ಬಂತು.

ಬಟನ್ನಿಗೆ ಹೆಸರಿಡುವುದು ಬ್ರಹ್ಮವಿದ್ಯೆಯಲ್ಲ. ಆಂಡ್ರಾಯ್ಡ್‌ನಲ್ಲಿ ‘ಕಂಟೆಂಟ್ ಡಿಸ್ಕ್ರಿಪ್ಷನ್’, ಐಫೋನಿನಲ್ಲಿ ‘ಆ್ಯಕ್ಸೆಸಿಬಿಲಿಟಿ ಲೇಬಲ್’. ಎರಡೂ ಕಡೆ ಒಂದೊಂದು ಸಾಲಿನ ಕೆಲಸ. ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್, ಐಫೋನಿಗೆ ವಾಯ್ಸ್‌ಓವರ್ ಬಂದದ್ದು 2009ರಲ್ಲೇ. ಕೋಡ್ ಬರೆಯುವ ಸಾಫ್ಟ್‌ವೇರೇ ‘ಚಿತ್ರಕ್ಕೆ ವಿವರಣೆ ಇಟ್ಟಿಲ್ಲ’ ಎಂದು ಎಚ್ಚರಿಸುತ್ತದೆ. ನಮ್ಮ ಜಾಣ ಹುಡುಗರು ಆ ಎಚ್ಚರಿಕೆಯ ಬಾಯಿ ಮುಚ್ಚಿಸಲೆಂದು ಎಲ್ಲ ಕಡೆ ‘ಇಮೇಜ್’ ಎಂದು ತುಂಬುತ್ತಾರೆ. ಎಚ್ಚರಿಕೆ ಮಾಯ, ಮ್ಯಾನೇಜರ್ ಖುಷಿ. ಅಂದಿನಿಂದ ಫೋನು ‘ಬಟನ್, ಬಟನ್’ ಎನ್ನುವ ಬದಲು ‘ಇಮೇಜ್, ಇಮೇಜ್’ ಎನ್ನುತ್ತದೆ. ಇದನ್ನು ಪ್ರಗತಿ ಎಂದು ಸ್ಲೈಡಿನಲ್ಲಿ ತೋರಿಸುತ್ತಾರೆ.

ಒಟಿಪಿಯ ಪರದೆಯದು ಇನ್ನೊಂದು ವೈಭವ. ಮೂವತ್ತು ಸೆಕೆಂಡಿನ ಗಡುವು, ಕೆಳಗೆ ಓಡುವ ಎಣಿಕೆ. ಓದುವ ತಂತ್ರಾಂಶಕ್ಕೆ ಆ ಎಣಿಕೆಯನ್ನು ಸೆಕೆಂಡಿಗೊಮ್ಮೆ ಗಟ್ಟಿಯಾಗಿ ಕೂಗು ಎಂದು ಯಾರೋ ಪುಣ್ಯಾತ್ಮರು ಹೇಳಿಕೊಟ್ಟಿರುತ್ತಾರೆ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂಬ ಆ ಹರಾಜಿನ ನಡುವೆ ಮೆಸೇಜಿನ ಆರು ಅಂಕಿ ಕೇಳಿಸಿಕೊಂಡು, ನೆನಪಿಟ್ಟುಕೊಂಡು, ಒಂದೊಂದೇ ಕೀ ಹುಡುಕಿ ಒತ್ತಬೇಕು. ಒತ್ತಿ ಮುಗಿಸುವಷ್ಟರಲ್ಲಿ ಹೊಸ ಒಟಿಪಿ.

ಇನ್ನು ಸರ್ಕಾರದ ಸೇವೆಗಳ ವಿಷಯಕ್ಕೆ ಬಂದರೆ ಕನ್ನಡಾಭಿಮಾನ ಉಕ್ಕುತ್ತದೆ. ಯೋಜನೆಯ ವಿವರ ಬೇಕೇ? ಇಗೋ, ಸಚಿವರ ಭಾವಚಿತ್ರದ ಪಕ್ಕದಲ್ಲಿ ಕನ್ನಡ ಅಕ್ಷರಗಳನ್ನು ಚಿತ್ರವಾಗಿ ಮೆತ್ತಿದ ಪೋಸ್ಟರ್. ಫೋನಿಗೆ ಅದರಲ್ಲಿ ಓದಲು ಒಂದಕ್ಷರವೂ ಸಿಗದು. ಅದಿಲ್ಲದಿದ್ದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಿಡಿಎಫ್. ಕಣ್ಣಿಗೆ ‘ಕನ್ನಡ’ ಎಂದು ಕಂಡರೂ ಒಳಗಿರುವುದು ಇಂಗ್ಲಿಷಿನ ‘ಪಿ’, ಸೊಟ್ಟ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ. ಸ್ಕ್ರೀನ್ ರೀಡರ್ ಅದನ್ನೇ ಭಕ್ತಿಯಿಂದ ಓದುತ್ತದೆ.

ಒಮ್ಮೆ ಇಂಥದೊಂದು ಕಂಪನಿಯ ಪ್ರಾಡಕ್ಟ್ ಮ್ಯಾನೇಜರ್ ಸಾಹೇಬರು, ‘ಅದೇನು ಮಹಾ, ನಾನೇ ನೋಡ್ತೀನಿ’ ಎಂದು ತಮ್ಮ ಫೋನಿನಲ್ಲಿ ಟಾಕ್‌ಬ್ಯಾಕ್ ಹಚ್ಚಿದರು. ಹಚ್ಚಿದ ಮೇಲೆ ಒಂದು ಸಲ ತಟ್ಟಿದರೆ ಯಾವುದೂ ತೆರೆಯುವುದಿಲ್ಲ, ಒಂದು ಬೆರಳಿನಲ್ಲಿ ಸರಿಸಿದರೆ ಪುಟ ಜಾರುವುದಿಲ್ಲ. ಆರಿಸುವ ಬಟನ್ ಎದುರಿಗೇ ಇದೆ, ಒತ್ತಿದರೆ ಒತ್ತಿಕೊಳ್ಳುತ್ತಿಲ್ಲ. ಬಾಸ್ ಕರೆ ಮಾಡುತ್ತಿದ್ದಾರೆ, ಎತ್ತಲಾಗುತ್ತಿಲ್ಲ. ಅವರು ಕಳಿಸಿದ ಮೆಸೇಜನ್ನು ಫೋನು ಇಡೀ ಆಫೀಸಿಗೆ ಕೇಳುವಂತೆ ಓದುತ್ತಿದೆ. ಬೆವರಿಳಿಯುತ್ತಿದ್ದ ಅವರನ್ನು ಕೊನೆಗೆ ಒಬ್ಬ ಇಂಟರ್ನ್ ಬಿಡಿಸಿದ. ಅನುಭವದಿಂದ ಅವರು ಕಲಿತ ಪಾಠ, ‘ಟಾಕ್‌ಬ್ಯಾಕ್ ತುಂಬಾ ಕಷ್ಟ, ಇದನ್ನು ಯಾರೂ ಬಳಸುವುದಿಲ್ಲ.’

ಯಾರೂ ಬಳಸುವುದಿಲ್ಲ ಎಂಬುದಕ್ಕೆ ಅವರ ಬಳಿ ಡೇಟಾ ಇದೆ. ಡ್ಯಾಶ್‌ಬೋರ್ಡ್ ನೋಡಿ, ನಮ್ಮ ಗ್ರಾಹಕರಲ್ಲಿ ಅಂಧರು ಸೊನ್ನೆ! ಇರುವುದಾದರೂ ಹೇಗೆ? ಲಾಗಿನ್ ಪರದೆಯಲ್ಲೇ ಜಾರುಪಟ್ಟಿ ಎಳೆದು ಚಿತ್ರದ ತುಂಡನ್ನು ಖಾಲಿ ಜಾಗಕ್ಕೆ ಕೂರಿಸಿ, ನೀವು ಮನುಷ್ಯರೆಂದು ಸಾಬೀತುಪಡಿಸಿ ಎಂದು ಕೇಳಿ ಅವರನ್ನು ಅಲ್ಲೇ ಸೋಸಿಬಿಟ್ಟಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಡ್ಯಾಶ್‌ಬೋರ್ಡಿಗೆ ಇವರು ಕಾಣುವುದಿಲ್ಲ.

ಈ ಕಂಪನಿ ಮಂದಿಯ ಮನವೊಲಿಸಲು ಹೊರಟ ಒಳ್ಳೆಯವರ ಕಷ್ಟ ಬೇರೆ. ‘ಸರ್, ಅಕ್ಷರ ಎದ್ದು ಕಾಣುವ ಹಾಗೆ ಮಾಡಿದರೆ ಬಿಸಿಲಲ್ಲಿ ಫೋನ್ ನೋಡುವವರಿಗೂ ಅನುಕೂಲ. ಬಟನ್ ದೊಡ್ಡದಿದ್ದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೂ ಅನುಕೂಲ. ಕಟ್ಟಡಕ್ಕೆ ಇಳಿಜಾರು ಕಟ್ಟಿದರೆ ಸೂಟ್‌ಕೇಸ್ ಎಳೆಯುವವರಿಗೂ ಅನುಕೂಲ.’ ನಿಜವೇ. ಆದರೆ ಗಾಲಿಕುರ್ಚಿಯ ಮನುಷ್ಯನ ಹಕ್ಕಿಗೆ ಸೂಟ್‌ಕೇಸು ಶಿಫಾರಸು ಮಾಡಬೇಕಾದ ದಿನ ಬಂತಲ್ಲ! ಕಾನೂನು ಇರುವುದು ಸೂಟ್‌ಕೇಸಿನ ಹೆಸರಿನಲ್ಲಿ ಅಲ್ಲವೆಂದು ನನ್ನ ತಿಳಿವಳಿಕೆ.

ಹೌದು, ಕಾನೂನೂ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, ನಿಯಮಗಳು 2017ರವು. ಸರ್ಕಾರಿ ಇರಲಿ, ಖಾಸಗಿ ಇರಲಿ, ಸೇವೆ ಕೊಡುವವರು ನಿಯಮ ಬಂದ ಎರಡು ವರ್ಷದೊಳಗೆ ಎಲ್ಲರಿಗೂ ಎಟಕುವಂತೆ ಮಾಡಬೇಕೆಂದು ಕಾಯ್ದೆ ಹೇಳಿತು. ನಿಯಮಗಳನ್ನು ಬರೆದ ಅಧಿಕಾರಿಗಳು ದಯಾಳುಗಳು, ಮಾನದಂಡಗಳನ್ನು ಬರೀ ಮಾರ್ಗಸೂಚಿಯಂತೆ ಇಟ್ಟರು. ಕಾಯ್ದೆ ‘ಮಾಡಲೇಬೇಕು’ ಎಂದರೆ ನಿಯಮ ‘ಆದರೆ ಮಾಡಿ’ ಎಂದಿತು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ಕಾಯ್ದೆಗೇ ವಿರುದ್ಧ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದಿತು. ಕಾಯ್ದೆ ಮೀರಿದರೆ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ. ಕೋರಮಂಗಲದಲ್ಲಿ ಒಂದು ಟೀಮಿನ ಶುಕ್ರವಾರದ ಊಟಕ್ಕೂ ಸಾಲದ ಮೊತ್ತ. ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ಇದೆ ಎನ್ನಿ. ಅದು ದಂಡದ ಫೇಸ್ ಟೂ.

ಕಣ್ಣು ಮಿಟುಕಿಸುವ ಪ್ರಸಂಗವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಈಗ ಫೋನಿನಲ್ಲೇ ಕೆವೈಸಿ. ಮುಖವನ್ನು ಗೆರೆಯೊಳಗೆ ಇಡಿ, ಕಣ್ಣು ಮಿಟುಕಿಸಿ, ನೀವು ಬದುಕಿದ್ದೀರೆಂದು ನಂಬುತ್ತೇವೆ. ಆ್ಯಸಿಡ್ ದಾಳಿಗೊಳಗಾದ ಪ್ರಜ್ಞಾ ಪ್ರಸೂನ್ ಅವರಿಗೆ ಕಣ್ಣು ಮಿಟುಕಿಸಲು ಆಗದು. ಗೆರೆಯೇ ಕಾಣದವರು ಮುಖವನ್ನು ಗೆರೆಯೊಳಗೆ ಇಡುವುದು ಹೇಗೆ? ಎದುರಿಗೆ ಬಂದು ನಿಂತ ಮನುಷ್ಯಳನ್ನು ನಂಬದೆ ರೆಪ್ಪೆಯನ್ನು ನಂಬುವ ಈ ವ್ಯವಸ್ಥೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ 20 ನಿರ್ದೇಶನ ಕೊಟ್ಟಿತು. ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು ಎಂಬುದು ಅದರಲ್ಲೊಂದು. ರೆಪ್ಪೆ ಬಡಿಯದವರೂ ಜೀವಂತ ಇರುತ್ತಾರೆ ಎಂದು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

ಹಾಗಂತ ಕಂಪನಿಗಳಿಗೆ ಕಾಳಜಿಯಿಲ್ಲ ಎನ್ನಬೇಡಿ. ಪ್ರತಿ ವರ್ಷ ಮೇ ತಿಂಗಳ ಮೂರನೇ ಗುರುವಾರ ಜಾಗತಿಕ ಆ್ಯಕ್ಸೆಸಿಬಿಲಿಟಿ ಅರಿವಿನ ದಿನ. ಅಂದು ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತು ನಿಮಿಷ ಆಫೀಸಿನಲ್ಲಿ ಓಡಾಡಿ, ಕುರ್ಚಿಗೆ ಮೊಣಕಾಲು ಬಡಿಸಿಕೊಂಡು, ‘ಓ ಮೈ ಗಾಡ್’ ಎಂದು ಕೇಕ್ ಕತ್ತರಿಸುತ್ತಾರೆ. ಆ ಫೋಟೊ ಲಿಂಕ್ಡ್‌ಇನ್‌ಗೆ ಏರುತ್ತದೆ, ಚಿತ್ರದ ವಿವರಣೆಯಿಲ್ಲದೆ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರದಲ್ಲಿ ‘ಎಲ್ಲರಿಗೂ ಡಿಸೈನ್’ ಎಂಬ ಘೋಷಣೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ನಲವತ್ತೈದು ದಾಟಿದ ನನ್ನಂಥವರಿಗೆ ಆ ಘೋಷಣೆ ಖಾಲಿ ಕಾಗದ.

ಮಾಸ್ತರರು ಸುಮ್ಮನಿರಲಿಲ್ಲ, ದೂರು ಕೊಟ್ಟರು. ಕೇಳಿದ್ದು ಇಷ್ಟೇ, ಬಟನ್ನುಗಳಿಗೆ ಹೆಸರಿಡಿ. ‘ತಮ್ಮ ತಾಳ್ಮೆಗೆ ವಂದನೆ. ತೊಂದರೆಯಿರುವ ಜಾಗವನ್ನು ಕೆಂಪು ವೃತ್ತದಿಂದ ಗುರುತಿಸಿ ಸ್ಕ್ರೀನ್‌ಶಾಟ್ ಕಳಿಸಿ’ ಎಂದು ಉತ್ತರ ಬಂತು. ಅವರು ಟಾಕ್‌ಬ್ಯಾಕಿನ ‘ಲೇಬಲ್ ಇಲ್ಲ, ಬಟನ್’ ಭಜನೆಯನ್ನೇ ರೆಕಾರ್ಡ್ ಮಾಡಿ ಕಳಿಸಿದರು. ಆಡಿಯೊ ಸ್ವೀಕರಿಸುವುದಿಲ್ಲ, ಚಿತ್ರ ಮಾತ್ರ ಎಂದರು. ಆಮೇಲೆ ತಾವೇ, ದೂರು ಬಗೆಹರಿದಿದೆ, ನಮ್ಮ ಸೇವೆಗೆ ಸ್ಟಾರ್ ಕೊಡಿ ಎಂದರು.

‘ಕೊಟ್ರೇನ್ರಿ?’ ಎಂದೆ.

‘ಐದು ಬಟನ್ ಇದ್ವು, ಯಾವುದಕ್ಕೂ ಹೆಸರಿಲ್ಲ. ಸಿಟ್ಟಿನ್ಯಾಗ ಯಾವುದೋ ಒಂದು ಒತ್ತಿದೆ. ಥ್ಯಾಂಕ್ಯೂ ಥ್ಯಾಂಕ್ಯೂ ಅಂತ ಭಾಳ ಖುಷಿಲೇ ಒದರ್‍ತು ರೀ. ಕಡೀದ ಒತ್ತಿರಬೇಕು ನಾ.’