ಕಾಲಿಗೊಂದು ಮಾತ್ರೆ, ಜೇಬಿಗೊಂದು ಕಾವಲು

ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ನಮ್ಮಜ್ಜಿ ತೊಡೆಗೆ ಬಾರಿಸುತ್ತಿದ್ದರು. ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ವಿಜಯನಗರದಲ್ಲಿ ಮನೆಸಾಲದ ಕಂತು ಕಟ್ಟುವವನ ಹತ್ತಿರ ಲಕ್ಷ್ಮಿ ಹೇಗೂ ಐದನೇ ತಾರೀಖು ದಾಟಿ ನಿಲ್ಲುವುದಿಲ್ಲ. ಅದಕ್ಕೆ ಕಾಲನ್ನು ದೂರಿ ಏನು ಬಂತು?

ಅದೂ ಅಲ್ಲದೆ ನನ್ನ ಕಾಲಿನದು ಚಾಳಿಯಲ್ಲ, ಕಾಯಿಲೆ: ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಹಗಲೆಲ್ಲ ಸಂಭಾವಿತನಂತಿರುವ ಕಾಲು ರಾತ್ರಿ ಹಾಸಿಗೆಗೆ ಬೆನ್ನು ತಾಗಿದ್ದೇ ತಡ, ಮೀನಖಂಡದೊಳಗೆ ಇರುವೆಸಾಲು ಹೊರಟ ಹಾಗೆ ಜುಮುಗುಟ್ಟುತ್ತದೆ. ನೋವಲ್ಲ, ತುರಿಕೆಯೂ ಅಲ್ಲ. ಎದ್ದು ನಡೆದರೆ ಮಾಯ, ಮಲಗಿದರೆ ಮತ್ತೆ ಹಾಜರ್. ನಡುರಾತ್ರಿ ನಾನು ಹಾಲಿನಲ್ಲಿ ಶತಪಥ ಹಾಕುವ ಸದ್ದು ಕೇಳಿ, ಕೆಳಗಿನ ಬಾಡಿಗೆಯವರು ಈ ಮನೆಗೆ ಹೋಮ ಮಾಡಿಸಿದ್ದಾರೋ ಇಲ್ಲವೋ ಎಂದು ವಿಚಾರಿಸಿಕೊಂಡು ಹೋದರು.

1672ರಲ್ಲೇ ಲಂಡನ್ನಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ಬರೆದಿಟ್ಟಿದ್ದ. ಅವನ ಮದ್ದು ಅಫೀಮಿನ ದ್ರಾವಣ. ಈಗಿನ ಹೆಸರಿಟ್ಟವನು ಸ್ವೀಡನ್ನಿನ ಎಕ್‌ಬೊಮ್, 1945ರಲ್ಲಿ. ನನ್ನ ಪಾಲಿಗೆ ಒದಗಿದವರು ರಾಜಾಜಿನಗರದ ನರರೋಗ ತಜ್ಞರು. ಮೊದಲು ರಕ್ತದಲ್ಲಿ ಫೆರಿಟಿನ್ ನೋಡಿದರು. 75ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶದ ಮಾತ್ರೆಯಲ್ಲೇ ಸರಿಹೋಗಬಹುದಂತೆ. ನನ್ನಲ್ಲಿ ಕಬ್ಬಿಣ ಧಾರಾಳವಾಗಿತ್ತು. (“ಎಲ್ಲಾ ತಲೆಯಲ್ಲೇ ಇರಬೇಕು” ಎಂದಳು ಹೆಂಡತಿ.) ಪ್ರೆಗಬಾಲಿನ್ ಕೊಟ್ಟರು; ಕಾಲು ನಿಂತಿತು, ತಲೆ ತಿರುಗತೊಡಗಿತು. ಕೊನೆಗೆ ಹೊಸ ಮಾತ್ರೆ ಬರೆದರು: ಪ್ರಮಿಪೆಕ್ಸೋಲ್, 0.125 ಮಿಲಿಗ್ರಾಂ, ಮಲಗುವ ಎರಡು ಮೂರು ಗಂಟೆ ಮುಂಚೆ.

ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ನೋಡಿ ದನಿ ತಗ್ಗಿಸಿದ. “ಅಂಕಲ್, ಕೈ ನಡುಕ ಯಾವಾಗಿಂದ?” ಇದು ಮೂಲತಃ ಪಾರ್ಕಿನ್ಸನ್ ಕಾಯಿಲೆಯ ಔಷಧ, ಮೆದುಳಿನಲ್ಲಿ ಡೋಪಮಿನ್ ವೇಷ ಹಾಕಿಕೊಂಡು ಅದರ ಕೆಲಸ ಮಾಡುತ್ತದೆ. “ಕೈ ಅಲ್ಲಪ್ಪ, ಕಾಲು” ಎಂದೆ. “ಅಯ್ಯೋ, ಕಾಲೂನಾ!” ಎಂದು ಮರುಗಿದ.

ಮಾತ್ರೆ ಕೆಲಸ ಮಾಡಿತು. ತೊಂದರೆ ಶುರುವಾದದ್ದು ಡಾಕ್ಟರ ಎಚ್ಚರಿಕೆಯಿಂದ. “ಕೆಲವರಿಗೆ ಜೂಜಾಡೋ ಹಂಬಲ, ಕಂಡದ್ದೆಲ್ಲ ಕೊಳ್ಳೋ ಚಟ ಹತ್ತುತ್ತೆ. ಅವರಿಗೇ ಗೊತ್ತಾಗಲ್ಲ. ಮೇಡಂ, ನೀವು ಒಂದು ಕಣ್ಣಿಟ್ಟಿರಿ” ಎಂದಿದ್ದರು. ಯಾರ ಅಪ್ಪಣೆಯೂ ಇಲ್ಲದೆ ಈ ಕೆಲಸ ಮಾಡಿಕೊಂಡು ಬಂದವಳಿಗೆ ಈಗ ವೈದ್ಯಕೀಯ ಅಧಿಕಾರವೂ ಸಿಕ್ಕಿತು.

ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ ಕಂಡು ಎರಡು ಕೇಜಿ ಜಾಸ್ತಿಯೇ ತಂದೆ. ಅವಳು ಚೀಲ ಇಸಿದುಕೊಳ್ಳಲಿಲ್ಲ, ನನ್ನ ಕಣ್ಣನ್ನೇ ನೋಡಿದಳು. “ರೀ, ಈಗ ಹೇಗನ್ನಿಸ್ತಿದೆ?” ರಾತ್ರಿ ಮಗಳ ಫೋನು: “ಅಪ್ಪಾ, ರಮ್ಮಿ ಆ್ಯಪ್ ಏನಾದ್ರೂ ಹಾಕ್ಕೊಂಡಿದೀರಾ?” ಮೊಮ್ಮಗನ ಜೊತೆ ಚೌಕಾಬಾರ ಆಡುತ್ತ, ಹಣ್ಣಾಗಲು ಒಂದೇ ಮನೆ ಬಾಕಿ ಇದ್ದಾಗ ಕವಡೆ ಮಾಯವಾಯಿತು. ನನಗೆ ಉಳಿದಿದ್ದ ಅಲ್ಪಸ್ವಲ್ಪ ಆಸೆಗಳೂ ಅಡ್ಡಪರಿಣಾಮದ ಲೆಕ್ಕಕ್ಕೆ ಸೇರಿಬಿಟ್ಟವು.

ಮತ್ತೆ ತೋರಿಸಲು ಹೋದೆವು. ಮಾತ್ರೆ ಏರಿಸುವುದಿಲ್ಲ ಎಂದರು ಡಾಕ್ಟರು. ಏರಿಸುತ್ತ ಹೋದರೆ ರಾತ್ರಿಯ ಕಾಟ ಸಂಜೆಗೇ ಶುರುವಾಗಬಹುದಂತೆ, ಕೈಗೂ ಹಬ್ಬಬಹುದಂತೆ. ಆಮೇಲೆ ಅವಳ ಕಡೆ ತಿರುಗಿ, “ಖರ್ಚು ಏನಾದ್ರೂ ಹೆಚ್ಚಾಗಿದೆಯಾ?” ಎಂದರು. ಅವಳು ವ್ಯಾನಿಟಿ ಬ್ಯಾಗಿನಿಂದ ನಾಲ್ಕು ಮಡಿಕೆಯ ಪಟ್ಟಿ ತೆಗೆದುಕೊಟ್ಟಳು. ಡಾಕ್ಟರು ಕನ್ನಡಕ ಏರಿಸಿ, ಒಂದೊಂದೇ ಸಾಲು ಓದುತ್ತ ಬಂದು, ಅವರೆಕಾಯಿಯ ಹತ್ತಿರ ನಿಂತರು.

“ಎಲ್ಲಿ ಸಿಕ್ತು ಸಾರ್? ನಮ್ಮ ಬಸವೇಶ್ವರನಗರದ ಕಡೆ ಇನ್ನೂ ಸೊಗಡೇ ಬಂದಿಲ್ಲ.”