ಲಿಸ್ಟಿನಲ್ಲಿ ಕಾರಣ ಬರೆದಿರುವುದಿಲ್ಲ

ಅಕ್ಕ, ಡಿಸೈನ್ ಸೀಟಿನ ಲಿಸ್ಟಿನಲ್ಲಿ ನಿಮ್ಮ ಮಗಳ ಹೆಸರು ಬರಲಿಲ್ಲ ಅಂತ ಕೇಳಿದೆ. ಇನ್ನೆರಡು ದಿನ ಅವಳನ್ನು ಊಟಕ್ಕೆ ಕರೆಯಿರಿ, ಅಷ್ಟು ಸಾಕು. 'ಹೋಗ್ಲಿ ಬಿಡು, ಬಿ.ಕಾಂ. ಸೇರ್ಕೋ' ಅಂತ ಮಾತ್ರ ಈಗ ಹೇಳಬೇಡಿ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲೇ ಕೂತರೂ ಆ ಹುಡುಗಿ ಎದುರಿಗಿದ್ದವರ ಚಿತ್ರ ಬರೆಯುತ್ತಿದ್ದದ್ದನ್ನು ಈ ಬೀದಿಯೆಲ್ಲ ನೋಡಿದೆ. ಈಗ ಹಾಗಂದರೆ ಅದೆಲ್ಲ ದಂಡ ಅಂತ ನಾವೇ ತೀರ್ಪು ಕೊಟ್ಟ ಹಾಗಾಗುತ್ತದೆ.

ಈ ಡಿಸೈನ್ ಸೀಟು ಸಿಗದ ನೋವು ಬೇರೆ ಥರದ್ದು, ಅದನ್ನು ಸ್ವಲ್ಪ ಯೋಚನೆ ಮಾಡಿ. ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದರೆ ಉತ್ತರ ಪತ್ರಿಕೆಯ ನಕಲು ತರಿಸಿ ಎಲ್ಲಿ ತಪ್ಪಾಯಿತು ಅಂತ ಬೆರಳಿಟ್ಟು ನೋಡಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಇಲ್ಲಿ ಹೆಚ್ಚೆಂದರೆ ಒಂದು ಅಂಕ ಸಿಕ್ಕೀತು. ನೀನು ಬರೆದದ್ದರಲ್ಲಿ ಏನು ಕಡಿಮೆಯಾಯಿತು ಅಂತ ಕೂತು ಹೇಳುವವರಿಲ್ಲ. ಕಾರಣ ಸಿಗದಿದ್ದರೆ ಮಗು ತಾನೇ ಒಂದನ್ನು ಬರೆದುಕೊಂಡುಬಿಡುತ್ತದೆ, 'ನನಗೆ ಕೈ ಇಲ್ಲ' ಅಂತ. ನನಗೆ ಭಯ ಇರುವುದು ಸೀಟಿನ ಬಗ್ಗೆ ಅಲ್ಲ, ಆ ಒಂದು ವಾಕ್ಯದ ಬಗ್ಗೆ.

ಕಾರಣ ಬರೆದೇ ಕಳಿಸಿದ ಪ್ರಸಂಗವೂ ಒಂದಿದೆ, ನಮ್ಮ ಮೈಸೂರಿನ ಹುಡುಗನದ್ದೇ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1921ರಲ್ಲಿ ಇಲ್ಲೇ ಹುಟ್ಟಿದವರು, ಹೆಡ್‌ಮಾಸ್ಟರ ಕೊನೆಯ ಮಗ. ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಬರೆಯುತ್ತಿದ್ದರಂತೆ. ಕಾಗೆ ಅಂದರೆ ಪ್ರಾಣ. ಹೈಸ್ಕೂಲು ಮುಗಿಸಿ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ನಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿಲ್ಲ ಎನ್ನುವ ಅರ್ಥದ ಉತ್ತರ ಬಂತು. ಹುಡುಗ ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಸೇರಿಕೊಂಡ.

ಈ ಕತೆಯನ್ನು ಎಲ್ಲರೂ 'ನೋಡಿ, ಬೇಡ ಅಂದವರೇ ಆಮೇಲೆ ತಲೆ ತಗ್ಗಿಸಿದರು' ಅಂತ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೀಟು ತಪ್ಪಿದವರೆಲ್ಲ ಲಕ್ಷ್ಮಣ್ ಆಗುವುದಿಲ್ಲ. ನಿಮ್ಮ ಮಗಳ ಮೇಲೆ ಅಷ್ಟು ದೊಡ್ಡ ಭಾರ ಹೇರುವುದೂ ನ್ಯಾಯವಲ್ಲ. ನಾನು ನೋಡುವುದು ಆ ಪತ್ರಕ್ಕೂ ಮುಂದೆ ಬಂದ ಹೆಸರಿಗೂ ನಡುವಿನ ವರ್ಷಗಳನ್ನು. ಮನೆಯಲ್ಲಿ ಅಣ್ಣ ನಾರಾಯಣ್ ಕತೆ ಬರೆಯುತ್ತಿದ್ದರು. 'ಹಿಂದೂ' ಪತ್ರಿಕೆಯಲ್ಲಿ ಬರುವ ಆ ಕತೆಗಳಿಗೆ ಚಿತ್ರ ಬೇಕಿತ್ತು. ಬೆಂಗಳೂರಲ್ಲಿ ಡಾಕ್ಟರ್ ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ 'ಕೊರವಂಜಿ' ಪತ್ರಿಕೆ ಶುರು ಮಾಡಿದ್ದರು. ಅದಕ್ಕೂ ಚಿತ್ರ ಬೇಕಿತ್ತು. ಗಮನಿಸಿ ಅಕ್ಕ, ಯಾರೂ ಸಮಾಧಾನ ಹೇಳುತ್ತಾ ಕೂರಲಿಲ್ಲ. ಆ ಹುಡುಗನ ಚಿತ್ರ ಯಾರಿಗೋ ಬೇಕಾಗಿತ್ತು, ಇಂಥ ದಿನಕ್ಕೆ ಬೇಕಾಗಿತ್ತು, ಅಚ್ಚಾಗಿ ಜನರ ಕೈಗೆ ಹೋಗುತ್ತಿತ್ತು. ಕಲಾಶಾಲೆ ಏನಂದಿತು ಎನ್ನುವುದನ್ನು ಆ ಕೆಲಸ ಪಕ್ಕಕ್ಕೆ ಸರಿಸಿತು ಅಂತ ನಾನು ನಂಬುತ್ತೇನೆ. ಆಮೇಲೆ ಮುಂಬೈಗೆ ಹೋಗಿ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಬರೆದದ್ದು ನಿಮಗೆ ಗೊತ್ತೇ ಇದೆ.

ಇಂಥದ್ದೇ ಇನ್ನೊಂದು ಕತೆ ಪ್ಯಾರಿಸ್ಸಿನ ರೋಡಿನ್ ಅಂತ ಶಿಲ್ಪಿಯದ್ದು, ಹೆಸರು ಕೇಳಿರುತ್ತೀರಿ. ಅಲ್ಲಿನ ದೊಡ್ಡ ಕಲಾಶಾಲೆ ಮೂರು ಸಲ ಸೇರಿಸಿಕೊಳ್ಳಲಿಲ್ಲ. ಚಿತ್ರ ಬರೆಯುವ ಪರೀಕ್ಷೆಯಲ್ಲಿ ಪಾಸು, ಶಿಲ್ಪದಲ್ಲೇ ಫೇಲು! ಅವರು ಕಲಿತು ಬಂದ ಶೈಲಿ ಒಂದು, ಪರೀಕ್ಷಕರಿಗೆ ಹಿಡಿಸುತ್ತಿದ್ದದ್ದು ಇನ್ನೊಂದು. ಆಮೇಲೆ ಎಷ್ಟೋ ವರ್ಷ ಕಟ್ಟಡಗಳಿಗೆ ಅಲಂಕಾರ ಮಾಡುವವರ ಕೈಕೆಳಗೆ ಕೂಲಿಗೆ ಮಣ್ಣು ತಿದ್ದಿದರು. 1877ರಲ್ಲಿ ಅವರ ಒಂದು ಪ್ರತಿಮೆ ಪ್ರದರ್ಶನಕ್ಕೆ ಬಂದಾಗ, ಇದು ಕೈಯಲ್ಲಿ ಮಾಡಿದ್ದಲ್ಲ, ಬದುಕಿರುವ ಮನುಷ್ಯನ ಮೈಯಿಂದಲೇ ಅಚ್ಚು ತೆಗೆದಿದ್ದಾರೆ ಅಂತ ಆರೋಪ ಬಂತು. ಶಿಲ್ಪದಲ್ಲಿ ಫೇಲಾಗಿದ್ದ ಕೈ ಅದು. ಪರೀಕ್ಷೆ ಮಾಡುವವರಿಗೂ ಅವರ ಕಾಲದ್ದೊಂದು ರುಚಿ ಇರುತ್ತದೆ, ಅಷ್ಟನ್ನು ಅವಳಿಗೆ ಹೇಳಬಹುದು.

ಇನ್ನೊಂದು ವಿಷಯ, ಇದನ್ನು ಮನೆಯಲ್ಲಿ ಕೂತು ಮಾತಾಡಲೇಬೇಕು. ಚೆನ್ನಾಗಿ ಚಿತ್ರ ಬರೆಯುವುದು ಬೇರೆ, ಡಿಸೈನ್ ಬೇರೆ. ಅಹಮದಾಬಾದಿನ ಎನ್.ಐ.ಡಿ.ಯ ಎರಡನೇ ಸುತ್ತಿನಲ್ಲಿ ಒಂದಷ್ಟು ಸಾಮಾನು ಕೊಟ್ಟು ಏನಾದರೂ ಮಾಡಿ ತೋರಿಸು ಅನ್ನುತ್ತಾರೆ. ಮುಂಬೈ ಐ.ಐ.ಟಿ.ಯವರು ನಡೆಸುವ ಯುಸೀಡ್‌ನಲ್ಲಿ ಪೆನ್ಸಿಲ್ ಹಿಡಿಯುವುದು ಒಂದು ಭಾಗ ಮಾತ್ರ. ಉಳಿದದ್ದು ಆಕಾರ ತಿರುಗಿಸಿ ನೋಡುವುದು, ಲೆಕ್ಕ, ತರ್ಕ. ಇವಳಿಗೆ ಬೇಕಾದದ್ದು ಬಣ್ಣ, ಮುಖ, ಮೈಕಟ್ಟು ಇಂಥವಾದರೆ ಇಲ್ಲೇ ಕಾವಾ ಕಲಾಶಾಲೆ ಇದೆ, ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತು ಇದೆ. ಇಲ್ಲ, ಡಿಸೈನೇ ಬೇಕು ಅಂದರೆ ಯಾವುದಾದರೂ ಡಿಗ್ರಿ ಮುಗಿಸಿ ಎಂ.ಡೆಸ್.ಗೆ ಸೀಡ್ ಪರೀಕ್ಷೆ ಬರೆಯುವ ದಾರಿ ಇದೆ. ಎನ್.ಐ.ಡಿ.ಯ ಬೆಂಗಳೂರು ಕೇಂದ್ರದಲ್ಲೂ ಎಂ.ಡೆಸ್. ಕಲಿಸುತ್ತಾರೆ, ಅದಕ್ಕೆ ಅವರದೇ ಬೇರೆ ಪರೀಕ್ಷೆ. ಒಂದು ವರ್ಷ ಬಿಟ್ಟು ಮತ್ತೆ ಬರೆಯುತ್ತೇನೆ ಅಂದರೂ ಬೇಡ ಅನ್ನಬೇಡಿ. ಆದರೆ ಆ ವರ್ಷವನ್ನೆಲ್ಲ ಕೋಚಿಂಗ್‌ಗೆ ಕೊಡಬೇಡಿ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಥರದ ನೆರಳು, ಒಂದೇ ಥರದ ಮನುಷ್ಯರನ್ನು ಬರೆಯುವ ಹಾಗಾಗುತ್ತದೆ ಅಂತ ನನ್ನ ಅಭಿಪ್ರಾಯ.

ಮತ್ತೆ ಏನು ಮಾಡಬೇಕು ಅಂತೀರಾ? ಕೆಲಸ ಕೊಡಬೇಕು, ಯಾರಿಗಾದರೂ ನಿಜವಾಗಿ ಬೇಕಾದ ಕೆಲಸ. ನಿಮ್ಮ ಅತ್ತೆಯವರನ್ನೇ ನೋಡಿ. ಬಿ.ಪಿ.ಗೆ ಒಂದು, ಸಕ್ಕರೆಗೆ ಎರಡು, ಮಂಡಿನೋವಿಗೆ ಇನ್ನೊಂದು ಮಾತ್ರೆ. ಮಾತ್ರೆಯ ಹಾಳೆಯ ಮೇಲೆ ಇರುವುದೆಲ್ಲ ಇಂಗ್ಲಿಷು, ಅದೂ ಸಾಸಿವೆ ಗಾತ್ರದ ಅಕ್ಷರ. ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು, ತಿಂಡಿಗೆ ಮುಂಚೆಯೋ ಆಮೇಲೋ, ಯಾರಾದರೂ ಹೇಳುವ ತನಕ ಅವರು ಕಾಯುತ್ತಾರೆ. ಅಜ್ಜಿ ಯಾರನ್ನೂ ಕೇಳದೆ ತಾನೇ ತೆಗೆದುಕೊಳ್ಳುವ ಹಾಗೆ ಏನಾದರೂ ಮಾಡು ಅಂತ ಇವಳಿಗೆ ಹೇಳಿ. ಡಬ್ಬಿ ಮಾಡುತ್ತಾಳೋ, ಸೂರ್ಯ ಚಂದ್ರ ತಟ್ಟೆ ಲೋಟ ಬರೆದು ಅಂಟಿಸುತ್ತಾಳೋ, ಅವಳಿಗೆ ಬಿಡಿ. ಮೊದಲು ಮಾಡಿದ್ದು ಅಜ್ಜಿಗೆ ಅರ್ಥವಾಗದೆ ಹೋಗಬಹುದು. ಆಗ ಅಜ್ಜಿಯೇ ಹೇಳುತ್ತಾರೆ, 'ಇದು ಚಂದ್ರನೋ ಬಾಳೆಹಣ್ಣೋ ತಿಳೀಲಿಲ್ಲ ಮಗು' ಅಂತ. ಲಿಸ್ಟು ಹಾಕಿದವರು ಕೊಡದೇ ಇದ್ದ ಕಾರಣ ಅದು. ಅದನ್ನು ಕೇಳಿಸಿಕೊಂಡು ಮತ್ತೆ ತಿದ್ದಬಹುದು. ಹಾಗೆ ಮೂರು ನಾಲ್ಕು ಸಲ ತಿದ್ದಿದ್ದನ್ನೆಲ್ಲ ಎಸೆಯದೆ ತೆಗೆದಿಟ್ಟರೆ, ಮುಂದಿನ ಸಲ ಎಲ್ಲಾದರೂ ಪೋರ್ಟ್‌ಫೋಲಿಯೋ ಕೇಳಿದರೆ ತೋರಿಸಲು ಅದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಒಂದು ಮಾತು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬೇಡಿ. ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಒಂದು ಸಲ ಬಾಯಿಗೆ ಬಂದರೂ, ತಡ ಮಾಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಉಚಿತ ಸಹಾಯವಾಣಿ ಇದೆ, 14416. ನಿಮ್ಹಾನ್ಸ್‌ನವರ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವಳು ಮಾಡದಿದ್ದರೆ ನೀವೇ ಫೋನ್ ಮಾಡಿ ಕೇಳಿ. ನೆಂಟರಿಗೆ ಗೊತ್ತಾದರೆ ಏನು ಅಂದುಕೊಳ್ಳುತ್ತಾರೋ ಅಂತ ಯೋಚಿಸುತ್ತಾ ಕೂರಬೇಡಿ.

ಹಾಂ, ನನ್ನ ತಂಗಿ ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಾಳಲ್ಲ, ಅವಳಿಗೆ ಪೊಟ್ಟಣದ ಮೇಲೆ ಅಂಟಿಸೋಕೆ ಲೇಬಲ್ ಬೇಕಂತೆ. ಅಕ್ಕಿ ಹಪ್ಪಳ, ಉದ್ದಿನ ಹಪ್ಪಳ, ಅರಳು ಸಂಡಿಗೆ, ಮೂರೂ ದೂರದಿಂದಲೇ ಬೇರೆಬೇರೆ ಅಂತ ಗೊತ್ತಾಗಬೇಕು. ಮುಂದಿನ ಭಾನುವಾರದೊಳಗೆ ಬೇಕು. ಸುಮ್ಮನೆ ಮಾಡಿಸಿಕೊಳ್ಳುವುದಿಲ್ಲ, ದುಡ್ಡು ಕೊಡುತ್ತಾಳೆ. ನೀವು ಹೇಳಬೇಡಿ, ಸಂಜೆ ನಾನೇ ಬಂದು ಅವಳನ್ನು ಕೇಳುತ್ತೇನೆ.