ಕಪ್ಪು ಕೊಬ್ಬರಿ ರೇಟು

"ಕಾಂಗ್ರೆಸ್ಸಿನ ಸಾಗರೋತ್ತರ ಘಟಕದ ಅಧ್ಯಕ್ಷ ಸ್ಯಾಮ್ ಪಿತ್ರೋಡಾ ದೇಶದ ವೈವಿಧ್ಯವನ್ನ ಹೊಗಳಿದ್ದಲ್ವೇನೋ? ಪೂರ್ವದವರು ಚೀನೀಯರಂಗೆ, ಪಶ್ಚಿಮದವರು ಅರಬ್ಬರಂಗೆ, ದಕ್ಷಿಣದ ನಾವು ಆಫ್ರಿಕನ್ನರಂಗೆ. ಆದ್ರೂ ಒಟ್ಟಿಗಿದೀವಿ ಅಂದ್ರು. ತಪ್ಪೇನು?" ಅಂದರು ತಿಪಟೂರು ಮಂಡಿಯ ದಲ್ಲಾಳಿ.

"ತಪ್ಪೇ ಇಲ್ಲ ಯಜಮಾನ್ರೇ," ಅಂದ ತುರುವೇಕೆರೆ ಕಡೆಯ ರೈತ. "ಆಫ್ರಿಕನ್ನರಂಗಿರೋದು ಅವಮಾನವೂ ಅಲ್ಲ. ಆದ್ರೆ ಒಟ್ಟಿಗಿದೀವಿ ಅನ್ನೋಕೆ ಮೊದ್ಲು ನಮ್ಮನ್ನ ಪರದೇಶಕ್ಕೆ ಕಳಿಸ್ಬೇಕಿತ್ತಾ? ನಮ್ಮನೇಲಿ ಅಣ್ಣ ಬೆಳ್ಳಗೆ, ತಮ್ಮ ಕಪ್ಪಗೆ. ಇಬ್ಬರಿಗೂ ಬೇರೆ ಬೇರೆ ಪಾಸ್‌ಪೋರ್ಟ್ ಮಾಡಿಸ್ಲಾ? ಆ ಮಾತಿಗೆ 2024ರ ಮೇ 8ಕ್ಕೆ ಪಿತ್ರೋಡಾ ರಾಜೀನಾಮೆ, ಜೂನ್‌ನಲ್ಲಿ ಮತ್ತೆ ಅದೇ ಕುರ್ಚಿ! ಅಟ್ಟದಲ್ಲಿ ಕೊಬ್ಬರಿ ಒಣಗೋಕೂ ಹತ್ತು ತಿಂಗಳು ಬೇಕು."

ರೈತನ ಲೆಕ್ಕವೇ ನನಗೆ ಸರಿ ಕಾಣುತ್ತದೆ. ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂಬ ವಾದ ಒಬ್ಬರ ಮಟ್ಟಿಗೆ ನಿಜವಿರಬಹುದು. ಆದರೆ ಸಾಕ್ಷಿ ಇರುವುದು ಎಲ್ಲ ಪಕ್ಷದವರ ಮಾತಿನ ಚಾಳಿಯಲ್ಲಿ. 2023ರಲ್ಲಿ ಬಿಜೆಪಿಯ ಆರಗ ಜ್ಞಾನೇಂದ್ರ ಕಾಡಿನ ಬಗ್ಗೆ ಮಾತೆತ್ತಿ ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆಯವರ ಮೈಬಣ್ಣಕ್ಕೆ ಬಂದು ನಿಂತರು, ಆಮೇಲೆ ವಿಷಾದಿಸಿದರು. 2024ರ ನವೆಂಬರ್‌ನಲ್ಲಿ, ಚನ್ನಪಟ್ಟಣ ಉಪಚುನಾವಣೆಯ ಹೊತ್ತಿಗೆ, ಕಾಂಗ್ರೆಸ್ಸಿನ ಜಮೀರ್ ಅಹ್ಮದ್ ಜೆಡಿಎಸ್‌ನ ಕುಮಾರಸ್ವಾಮಿಯವರನ್ನು 'ಕಾಲಿಯಾ', ಅಂದರೆ ಕರಿಯ, ಅಂದರು. ಕೇಳಿದ್ದಕ್ಕೆ ಪ್ರೀತಿ ಅಂದರು. ಪಕ್ಷ ಬೇರೆ, ಕಾಡು ಬೇರೆ, ಪ್ರೀತಿ ಬೇರೆ. ನಾಲಿಗೆ ಎಡವಿದ ಕಲ್ಲು ಮಾತ್ರ ಒಂದೇ. ಗೆಳೆಯರ ನಡುವಿನ ಸಲಿಗೆಯೆಂದೇ ಒಪ್ಪೋಣ, ಅದಕ್ಕೆ ಚುನಾವಣೆಯ ಮೈಕು ಯಾಕೆ? (ಮೈಕು ಪ್ರೀತಿಯನ್ನು ಎಂದೂ ಸರಿಯಾಗಿ ಹಿಡಿದದ್ದಿಲ್ಲ.)

"ಹಂಗಾದ್ರೆ ಬಣ್ಣದ ಮಾತೇ ಆಡ್ಬಾರ್ದಾ?" ದಲ್ಲಾಳಿಗೆ ರೇಗಿತು.

"ಆಡಿ ಯಜಮಾನ್ರೇ. ಕೊಬ್ಬರಿ ಕಪ್ಪಾಗಿದೆ ಅಂತ ನೀವು ರೇಟು ಇಳಿಸ್ತೀರಲ್ಲ, ಅದೂ ಪ್ರೀತಿಗೇನಾ?"